ಅರ್ಧಣ್ಣನ ರಿಜಿಸ್ಟರಿನಲ್ಲಿದ್ದ ಗೋಲು

ನಮ್ಮ ವಿಶ್ವವಿದ್ಯಾಲಯದ ಮಹಿಳಾ ಫುಟ್‌ಬಾಲ್ ತಂಡದ ಇತಿಹಾಸ ಬರೆಯುವ ಕೆಲಸ ನನ್ನ ತಲೆಗೆ ಬಂದು ಕೂತದ್ದು ಬೇರೆ ಯಾರೂ ಸಿಗಲಿಲ್ಲ ಎನ್ನುವ ಒಂದೇ ಕಾರಣಕ್ಕೆ. ನಾನು ಕ್ರೀಡಾ ವಿಭಾಗದ ಸ್ಟೋರ್ ಕೀಪರ್. ಚೆಂಡು ಕೊಡುತ್ತೇನೆ, ಚೆಂಡು ವಾಪಸ್ ತೆಗೆದುಕೊಳ್ಳುತ್ತೇನೆ, ನಡುವೆ ಅದಕ್ಕೇನಾಯಿತು ಎಂದು ವಿಚಾರಿಸುತ್ತೇನೆ. ಇಪ್ಪತ್ತಾರು ವರ್ಷದಿಂದ ಮಾಡುತ್ತಿರುವುದು ಇಷ್ಟೇ, ಚೆನ್ನಾಗಿಯೇ ಮಾಡಿದ್ದೇನೆ. ಗಾಳಿ ಹೋದ ಚೆಂಡನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಬರುವ ಹುಡುಗಿಯ ಮುಖವನ್ನು ಕಾರಿಡಾರಿನ ಆ ತುದಿಯಿಂದಲೇ ಓದಬಲ್ಲೆ.

ತಂಡ ಶುರುವಾಗಿ ನಲವತ್ತಾರು ವರ್ಷ. ನಲವತ್ತಾರಕ್ಕೆ ಯಾರಾದರೂ ಸಮಾರಂಭ ಮಾಡುತ್ತಾರೆಯೇ ಎಂದು ನೀವು ಕೇಳಬಹುದು. ಐವತ್ತಕ್ಕೆ ಇನ್ನೂ ನಾಲ್ಕು ವರ್ಷವಿದೆ, ನಮ್ಮ ನಿರ್ದೇಶಕರ ಅವಧಿ ಮುಗಿಯಲು ನಾಲ್ಕೇ ತಿಂಗಳಿದೆ. ಅರ್ಥವಾಯಿತಲ್ಲ? ಮೈದಾನದ ಗೇಟಿನ ಪಕ್ಕದ ಗೋಡೆಗೆ ಒಂದು ಹಿತ್ತಾಳೆ ಫಲಕ ಹಾಕಿಸಬೇಕು, ಅದರಲ್ಲಿ ತಂಡದ ಇತಿಹಾಸವಿರಬೇಕು, ಕೆಳಗೆ ಅವರ ಹೆಸರಿರಬೇಕು ಎಂದು ಅವರಿಗೆ ಆಸೆ. ಮೊದಲು ಇತಿಹಾಸ ವಿಭಾಗದ ನಿವೃತ್ತ ಪ್ರೊಫೆಸರರಿಗೆ ಹೇಳಿದ್ದರು. ಪ್ರೊಫೆಸರರು ನಲವತ್ತು ಪುಟ ಬರೆದು ಕಳಿಸಿದರು. ಅಷ್ಟರಲ್ಲಿ ವಿಶ್ವವಿದ್ಯಾಲಯ ಕಟ್ಟಿದ ಜಮೀನಿನ ಅಳತೆ ಮಾತ್ರ ಮುಗಿದಿತ್ತು.

"ನಲವತ್ತು ಪುಟ ಓದಿದೆ ಮೇಡಂ, ಇನ್ನೂ ಹುಡುಗೀರು ಹುಟ್ಟೇ ಇಲ್ಲ," ಎಂದು ನಿರ್ದೇಶಕರು ಸ್ಟೋರಿನ ಕೌಂಟರಿಗೆ ಬಂದು ಅಳುಮುಖ ಮಾಡಿದರು. "ನೀವು ಬರೀರಿ. ಹಳೇ ರಿಜಿಸ್ಟರೆಲ್ಲ ನಿಮ್ಮ ಹತ್ರಾನೇ ಇದೆಯಲ್ಲ. ಹತ್ತು ಸಾಲು ಸಾಕು. ಮೊದಲ ಪಂದ್ಯ ಯಾವತ್ತು, ಯಾರ ಮೇಲೆ, ಸ್ಕೋರ್ ಎಷ್ಟು."

ಸ್ಕೋರ್ ಎನ್ನುವ ಮಾತು ಕಿವಿಗೆ ಬಿದ್ದದ್ದೇ ನಾನು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟೆ. ಆ ಮೊದಲ ಪಂದ್ಯದ ಗೋಲ್ ಕೀಪರ್ ನನ್ನ ದೊಡ್ಡಮ್ಮ.

ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿ ಬೆಳೆಸಿದವಳು ಅವಳೇ. ಬೀದಿಗೆ ತೆರೆದುಕೊಂಡ ಒಂದು ಕೋಣೆಯಲ್ಲಿ ಅವಳ ಹೊಲಿಗೆ ಅಂಗಡಿ, ಹಿಂದಿನ ಎರಡು ಕೋಣೆಯಲ್ಲಿ ನಾವಿಬ್ಬರು. ಅವಳು ಆಡಿದ್ದು ಅದೊಂದೇ ಪಂದ್ಯ. ಆದರೆ ಆ ಒಂದು ಪಂದ್ಯವನ್ನು ನಲವತ್ತಾರು ವರ್ಷ ಎಳೆದಿದ್ದಾಳೆ. ಗಿರಾಕಿ ಬಂದು ತೋಳು ಉದ್ದ ಆಯ್ತು ಎಂದರೆ, "ನೋಡಿ, ಒಂದೇ ಒಂದು ಗೋಲನ್ನೂ ಬಿಟ್ಟವಳಲ್ಲ ನಾನು, ನನ್ನ ಅಳತೆ ತಪ್ಪಲ್ಲ," ಎನ್ನುತ್ತಾಳೆ. ತೋಳಿಗೂ ಗೋಲಿಗೂ ಏನು ಸಂಬಂಧ ಎಂದು ಕೇಳುವ ಧೈರ್ಯ ಇವತ್ತಿನವರೆಗೆ ಯಾರಿಗೂ ಬಂದಿಲ್ಲ. ನಾನು ಪರೀಕ್ಷೆಯಲ್ಲಿ ಫೇಲಾದಾಗಲೂ ಅದೇ ಮಾತು, ಹಾಲು ಉಕ್ಕಿದಾಗಲೂ ಅದೇ ಮಾತು.

ಅದೇ ಪಂದ್ಯದಲ್ಲಿ ತಂಡದ ನಾಯಕಿಯಾಗಿದ್ದವರು ಈಗ ಎರಡು ಬೀದಿ ಆಚೆ ಇರುವ ಹಲ್ಲಿನ ಡಾಕ್ಟರು. ಊರೆಲ್ಲ ಅವರನ್ನು ಈಗಲೂ ಕ್ಯಾಪ್ಟನ್ ಎಂದೇ ಕರೆಯುತ್ತದೆ. ಓದುವಾಗ ಅವರೂ ದೊಡ್ಡಮ್ಮನೂ ಹಾಸ್ಟೆಲಿನ ಒಂದೇ ಕೋಣೆಯಲ್ಲಿ, ಒಂದೇ ತಟ್ಟೆಯಲ್ಲಿ ಉಂಡವರು. ಪಂದ್ಯ ಮುಗಿದ ಸಂಜೆಯಿಂದ ಇಬ್ಬರಿಗೂ ಮಾತಿಲ್ಲ. ದೊಡ್ಡಮ್ಮನಿಗೆ ಹಲ್ಲುನೋವು ಬಂದರೆ ಎರಡು ಬೀದಿ ದಾಟುವುದಿಲ್ಲ. ಕೆನ್ನೆಗೆ ಬಟ್ಟೆ ಕಟ್ಟಿಕೊಂಡು ಬಸ್ಸು ಹತ್ತಿ ಪಕ್ಕದ ಊರಿಗೆ ಹೋಗುತ್ತಾಳೆ. ಕ್ಯಾಪ್ಟನ್ನೂ ಕಡಿಮೆಯಿಲ್ಲ. ಅವರ ಬಿಳಿ ಕೋಟು ಹೊಲಿಯುವ ದರ್ಜಿ ಎಷ್ಟು ಕೆಟ್ಟದಾಗಿ ಹೊಲಿಯುತ್ತಾನೆಂದರೆ ಒಂದು ಜೇಬು ಸೊಂಟದಲ್ಲಿದ್ದರೆ ಇನ್ನೊಂದು ಪಕ್ಕೆಯಲ್ಲಿರುತ್ತದೆ. ಆದರೂ ನಮ್ಮ ಅಂಗಡಿ ಮೆಟ್ಟಿಲು ಹತ್ತಿದವರಲ್ಲ.

ಜಗಳ ಏನೆಂದು ಹೇಳಬೇಕಾದರೆ ಮೊದಲು ಅರ್ಧಣ್ಣನ ವಿಷಯ ಹೇಳಬೇಕು.

ಅರ್ಧಣ್ಣ ನನಗಿಂತ ಮುಂಚೆ ಈ ಸ್ಟೋರ್ ನೋಡಿಕೊಳ್ಳುತ್ತಿದ್ದವನು. ಈಗಿಲ್ಲ. ಮಹಿಳಾ ತಂಡ ಕಟ್ಟುತ್ತೇವೆಂದು ಹುಡುಗಿಯರು ಅರ್ಜಿ ಕೊಟ್ಟಾಗ ಮೇಲಿನವರು ತುಂಬ ಯೋಚನೆ ಮಾಡಿ ಒಂದು ಸಾಲಿನ ಆದೇಶ ಹೊರಡಿಸಿದರು: ಪುರುಷರ ವಿಭಾಗಕ್ಕೆ ಕೊಡುವ ಸಾಮಾನಿನ ಅರ್ಧದಷ್ಟನ್ನು ಮಹಿಳೆಯರಿಗೆ ಕೊಡತಕ್ಕದ್ದು. ಬೇರೆ ಯಾರಾದರೂ ಆಗಿದ್ದರೆ ಸ್ವಲ್ಪ ಅತ್ತಿತ್ತ ಮಾಡಿ ಕೊಟ್ಟುಬಿಡುತ್ತಿದ್ದರು. ಅರ್ಧಣ್ಣ ಕೆಟ್ಟ ಮನುಷ್ಯನಲ್ಲ, ಅದಕ್ಕಿಂತ ಕಷ್ಟದವನು, ಶಿಸ್ತಿನ ಮನುಷ್ಯ. ಗಂಡಸರಿಗೆ ಚೆಂಡು ಎರಡು ಇತ್ತು, ಇವರಿಗೆ ಒಂದು ಕೊಟ್ಟ. ಅಲ್ಲಿಗೆ ಸರಿ. ಗಂಡಸರಿಗೆ ಗೋಲಿನ ಕಂಬ ನಾಲ್ಕು, ಅಡ್ಡಪಟ್ಟಿ ಎರಡು, ಬಲೆ ಎರಡು. ಇವರಿಗೆ ಕಂಬ ಎರಡು, ಅಡ್ಡಪಟ್ಟಿ ಒಂದು, ಬಲೆ ಒಂದು. ಅಂದರೆ ಮೈದಾನದಲ್ಲಿ ಗೋಲು ಒಂದೇ! ಮೈದಾನವೂ ಅರ್ಧವೇ ಬಂದದ್ದರಿಂದ ಒಂದೇ ಗೋಲು ಸಾಕಾಗುತ್ತದೆ ಎಂದು ಅವನ ವಾದ. ಲೆಕ್ಕದಲ್ಲಿ ತಪ್ಪು ತೋರಿಸಿ ನೋಡೋಣ.

ಜೆರ್ಸಿ ಹನ್ನೊಂದು. ಹನ್ನೊಂದರಲ್ಲಿ ಅರ್ಧ ಐದೂವರೆ. ಐದು ಜೆರ್ಸಿ ಕೊಟ್ಟು, ಆರನೆಯದನ್ನು ಕತ್ತರಿಸಲು ಮನಸ್ಸು ಬಾರದೆ, ಅರ್ಧ ಹೊತ್ತಿಗೆ ಕೊಟ್ಟ. ಇನ್ನುಳಿದ ಐವರು ಮನೆಯ ಬಟ್ಟೆಯಲ್ಲೇ ಆಡಿದರು. ಸೀಟಿ ಇದ್ದದ್ದೇ ಒಂದು. ಅದನ್ನೂ ಅರ್ಧ ಹೊತ್ತಿಗೆ ಬರೆದುಕೊಟ್ಟ. ಪಂದ್ಯದ ದಿನ ವಿರಾಮದ ಹೊತ್ತಿಗೆ ಸರಿಯಾಗಿ ಅರ್ಧಣ್ಣ ಮೈದಾನದ ಅಂಚಿಗೆ ಬಂದು ಕೈ ಚಾಚಿ ನಿಂತನಂತೆ. ಒಬ್ಬಳು ಜೆರ್ಸಿ ಬಿಚ್ಚಿಕೊಟ್ಟು ಒಳಗಿದ್ದ ಅಂಗಿಯಲ್ಲಿ ಆಟ ಮುಂದುವರಿಸಿದಳು. ರೆಫರಿಯಾಗಿದ್ದ ಭೂಗೋಳದ ಮೇಷ್ಟರು ಸೀಟಿ ಒರೆಸಿ ಒಪ್ಪಿಸಿ, ಉಳಿದ ಅರ್ಧಕ್ಕೆ ಬಾಯಲ್ಲೇ "ಪೀ, ಪೀ" ಎಂದು ಕೂಗುತ್ತ ಓಡಾಡಿದರು.

ಈ ಅರ್ಧದ ನಿಯಮ ಒಂಬತ್ತು ವರ್ಷ ನಡೆಯಿತು. ಒಂಬತ್ತನೆಯ ವರ್ಷ ನಮ್ಮ ಹುಡುಗಿಯರು ಕಪ್ ಗೆದ್ದು ತಂದಾಗ ಅರ್ಧಣ್ಣ ಅದನ್ನು ಪೂರ್ತಿ ಒಳಗೆ ತೆಗೆದುಕೊಂಡ. ತೆಗೆದುಕೊಳ್ಳುವಾಗ ಅರ್ಧ ಎಂದು ಆದೇಶದಲ್ಲಿ ಇರಲಿಲ್ಲ.

ಈಗ ಜಗಳಕ್ಕೆ ಬರೋಣ. ಎದುರಾಳಿ ತಂಡ ಬಂದದ್ದು ನದಿಯಾಚೆಯ ಕಾಲೇಜಿನಿಂದ. ಗೋಲು ಒಂದೇ ಆದ್ದರಿಂದ ಮೊದಲರ್ಧ ಅವರು ಹೊಡೆಯುವುದು, ನಾವು ಕಾಯುವುದು. ಎರಡನೆಯ ಅರ್ಧ ನಾವು ಹೊಡೆಯುವುದು, ಅವರು ಕಾಯುವುದು ಎಂದು ಒಪ್ಪಂದವಾಯಿತು. ಮೊದಲರ್ಧ ದೊಡ್ಡಮ್ಮ ಒಂದೂ ಗೋಲು ಬಿಡಲಿಲ್ಲ. ಆದರೆ ಅವರ ಗೋಲ್ ಕೀಪರ್‌ಗೆ ಬಸ್ಸಿನಲ್ಲಿ ವಾಂತಿಯಾಗಿ ಕ್ರೀಡಾ ವಿಭಾಗದ ಬೆಂಚಿನ ಮೇಲೆ ಮಲಗಿದವಳು ಏಳಲೇ ಇಲ್ಲ. ಬೇರೆ ಹುಡುಗಿಯನ್ನು ಅವರು ಕರೆತಂದಿರಲಿಲ್ಲ. "ನಿಮ್ಮ ಕೀಪರೇ ನಿಂತುಕೊಳ್ಳಲಿ, ನಮ್ಮದೇನೂ ತಕರಾರಿಲ್ಲ," ಎಂದು ಅವರು ಕೇಳಿಕೊಂಡರು. ನಮ್ಮ ಕ್ಯಾಪ್ಟನ್ ಸಂತೋಷವಾಗಿ ಒಪ್ಪಿದರು. ತನ್ನ ಕೋಣೆಯವಳೇ ಗೋಲಿನಲ್ಲಿದ್ದಾಳೆ, ಇನ್ನೇನು ಬೇಕು?

ಎರಡೂ ಕಡೆ ಒಬ್ಬಳೇ ಗೋಲ್ ಕೀಪರ್. ಇಂಥ ಪಂದ್ಯ ಭೂಮಿಯ ಮೇಲೆ ಬೇರೆಲ್ಲೂ ನಡೆದಿರಲಾರದು.

ದೊಡ್ಡಮ್ಮ ತನ್ನ ತಂಡದವರು ಹೊಡೆದ ಚೆಂಡುಗಳನ್ನೆಲ್ಲ ಹಿಡಿದಳು. ಒಂದು, ಎರಡು, ಏಳು. ನಮ್ಮವರು ಮೊದಲು ನಕ್ಕರು, ಆಮೇಲೆ ಕಣ್ಣು ಹೊಡೆದರು, ಆಮೇಲೆ ಹಲ್ಲು ಕಡಿದರು. ಕೊನೆಯ ನಿಮಿಷದಲ್ಲಿ ಎದುರಾಳಿ ಹುಡುಗಿಯೊಬ್ಬಳು ಚೆಂಡಿಗೆ ಕೈ ತಾಗಿಸಿ ನಮಗೆ ಪೆನಾಲ್ಟಿ ಸಿಕ್ಕಿತು. ಕ್ಯಾಪ್ಟನ್ ಬೀಸಿ ಒದ್ದರು. ಧೂಳೆದ್ದಿತು. ಧೂಳು ಇಳಿದಾಗ ದೊಡ್ಡಮ್ಮ ಗೆರೆಯ ಮೇಲೆ ಮಕಾಡೆ ಬಿದ್ದಿದ್ದಳು, ಚೆಂಡು ಎದೆಯ ಕೆಳಗಿತ್ತು. "ಹಿಡಿದೆ!" ಎಂದು ಕೂಗಿದಳು. ಕ್ಯಾಪ್ಟನ್ "ಗೋಲು!" ಎಂದು ಕೂಗಿದರು. ಭೂಗೋಳದ ಮೇಷ್ಟರು ಬಾಯಿ ತೆರೆದರು. ಕೈಯಲ್ಲಿ ಸೀಟಿಯಿದ್ದಿದ್ದರೆ ಊದಿಬಿಡುತ್ತಿದ್ದರೇನೋ. ಬಾಯಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿದ್ದ ಅವರಿಗೆ "ಪೀ" ಎನ್ನುವಷ್ಟೂ ಉಸಿರಿರಲಿಲ್ಲ. ಪಂದ್ಯ ಸೊನ್ನೆ-ಸೊನ್ನೆಯಲ್ಲಿ ಮುಗಿಯಿತು. ಮರುದಿನ ಕ್ಯಾಪ್ಟನ್ ಕೋಣೆ ಬದಲಾಯಿಸಿದರು, ದೊಡ್ಡಮ್ಮನನ್ನು ತಂಡದಿಂದಲೂ ತೆಗೆದರು.

ಚೆಂಡು ಗೆರೆ ದಾಟಿತ್ತೇ ಇಲ್ಲವೇ, ಅಷ್ಟೇ ಪ್ರಶ್ನೆ. ಮೇಷ್ಟರು ತೀರಿಕೊಂಡು ಎಷ್ಟೋ ವರ್ಷವಾಯಿತು. ಈಗ ಉತ್ತರವನ್ನು ಹಿತ್ತಾಳೆಯಲ್ಲಿ ಕೆತ್ತಿಸಬೇಕಂತೆ, ಅದನ್ನು ನಾನು ಬರೆಯಬೇಕಂತೆ. ಇನ್ನೂ ಒಂದು ಉಪಕಾರ ಮಾಡಿದ್ದರು ನಿರ್ದೇಶಕರು: ಫಲಕ ಅನಾವರಣಕ್ಕೆ ಕ್ಯಾಪ್ಟನ್ನರನ್ನೇ ಕರೆದಿದ್ದರು.

ಕ್ಯಾಪ್ಟನ್ ನನಗೆ ಫೋನ್ ಮಾಡಿದರು. "ನೀನು ಅವಳ ತಂಗಿ ಮಗಳಲ್ವಾ?"

"ಹೌದು ಡಾಕ್ಟ್ರೇ."

"ಸೊನ್ನೆ-ಸೊನ್ನೆ ಅಂತ ಕೆತ್ತಿಸಿದರೆ ನಾನು ಬರ್ತೀನಿ. ಬಂದು, ಕೈಯಲ್ಲಿರೋ ಕೋಲಿಂದ ಆ ಫಲಕಕ್ಕೆ ಒಂದು ಬಾರಿಸಿ ಹೋಗ್ತೀನಿ. ತಿಳೀತಾ?"

ತಿಳಿಯಿತು. ಒಂದು-ಸೊನ್ನೆ ಎಂದು ಬರೆದರೆ ನನ್ನನ್ನು ಸಾಕಿದವಳು ಊರೆಲ್ಲರ ಮುಂದೆ ಸುಳ್ಳಿ. ಸೊನ್ನೆ-ಸೊನ್ನೆ ಎಂದರೆ ಕ್ಯಾಪ್ಟನ್ ಸುಳ್ಳಿ, ಇಬ್ಬರೂ ಸಾಯುವವರೆಗೆ ಮಾತಾಡುವುದಿಲ್ಲ. ದೊಡ್ಡಮ್ಮನಿಗೆ ಅರವತ್ತೇಳು ತುಂಬಿತು. ಅವಳಿಗೆ ಆಮೇಲೆ ಬೇರೆ ಗೆಳತಿ ಅಂತ ಒಬ್ಬಳೂ ಆಗಲಿಲ್ಲ ಎನ್ನುವುದು ನನಗೆ ಗೊತ್ತು. ಅಂಗಡಿಯಲ್ಲಿ ಕೂತು ಎಷ್ಟು ಸಲ ಆ ಎರಡನೆಯ ಬೀದಿಯ ತಿರುವನ್ನು ನೋಡುತ್ತಾಳೆ ಎನ್ನುವುದೂ ಗೊತ್ತು.

ತಲೆಕೆಟ್ಟು ಹೋಗಿ ಅರ್ಧಣ್ಣನ ಹಳೆಯ ರಿಜಿಸ್ಟರುಗಳನ್ನು ಅಟ್ಟದಿಂದ ಇಳಿಸಿದೆ. ಹೆಚ್ಚೆಂದರೆ ತಾರೀಖು ಸಿಗಬಹುದು ಎಂದುಕೊಂಡಿದ್ದೆ. ಅರ್ಧಣ್ಣನ ಶಿಸ್ತನ್ನು ನಾನು ಕಡಿಮೆ ಅಂದಾಜು ಮಾಡಿದ್ದೆ. ಪಂದ್ಯದ ದಿನದ ಪುಟದಲ್ಲಿ ದುಂಡು ಅಕ್ಷರದಲ್ಲಿ ಹೀಗಿತ್ತು:

"ಬಲೆ ೧. ಕೊಟ್ಟಾಗ: ಪೂರ್ತಿ ಚೆನ್ನಾಗಿದೆ, ಎರಡು ಸಲ ನೋಡಿದ್ದೇನೆ. ಅರ್ಧ ಹೊತ್ತಿಗೆ ತಪಾಸಣೆ: ಸರಿಯಿದೆ. ವಾಪಸ್ ಬಂದಾಗ: ಎಡಗಡೆ ಕೆಳಮೂಲೆಯಲ್ಲಿ ಮೂರು ಕಣ್ಣು ಹರಿದಿದೆ. ಷರಾ: ಗೋಲ್ ಕೀಪರ್ ಅಲ್ಲೇ ಕೂತು ತಾವಾಗಿ ಹೊಲಿದುಕೊಟ್ಟಿರುತ್ತಾರೆ."

ಕೆಳಗೆ ದೊಡ್ಡಮ್ಮನ ಸಹಿ.

ಎರಡು ಸಲ ಓದಿದೆ. ವಿರಾಮದವರೆಗೆ ಸರಿಯಿದ್ದ ಬಲೆ ಆಮೇಲೆ ಒಳಮೂಲೆಯಲ್ಲಿ ಹರಿಯಬೇಕಾದರೆ ಚೆಂಡು ಒಳಗೆ ಹೋಗಿರಬೇಕು. ಬೇರೆ ದಾರಿಯಿಲ್ಲ. ನಮ್ಮ ಸ್ಟೋರಿನಲ್ಲಿ ಏನನ್ನೂ ಬಿಸಾಡುವ ಪದ್ಧತಿಯಿಲ್ಲವಾದ್ದರಿಂದ ಆ ಬಲೆ ಈಗಲೂ ಹಿಂದಿನ ಕೋಣೆಯಲ್ಲಿ, ಆ ಎರಡು ಕಂಬಗಳ ಪಕ್ಕದಲ್ಲೇ ಇದೆ. ಬಿಚ್ಚಿ ನೆಲದ ಮೇಲೆ ಹಾಸಿದೆ. ಎಡಮೂಲೆಯಲ್ಲಿ ಮೂರು ಕಣ್ಣುಗಳಿಗೆ ಹೊಲಿಗೆ ಬಿದ್ದಿತ್ತು. ಕೊನೆಯಲ್ಲಿ ದಾರವನ್ನು ಎರಡು ಸುತ್ತು ಸುತ್ತಿ ಹಿಂದಕ್ಕೆ ತಂದು ಹಾಕಿದ ಗಂಟು. ನನ್ನ ಶಾಲೆಯ ಬಟ್ಟೆಯ ಪ್ರತಿ ಗುಂಡಿಯ ಹಿಂದೆ ಅದೇ ಗಂಟಿತ್ತು. ನಾನು ಆ ಸಿಮೆಂಟ್ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಚೆಂಡು ಕೇಳಲು ಬಂದ ಇಬ್ಬರು ಹುಡುಗಿಯರು ಹೆದರಿ ಚೆಂಡಿಲ್ಲದೆಯೇ ಓಡಿಹೋದರು.

ಮೂಗು ಒರೆಸಿಕೊಂಡು ಅದೇ ಪುಟವನ್ನು ಕೊನೆಯ ಸಾಲಿನವರೆಗೆ ಓದಿದಾಗ ಇನ್ನೊಂದು ವಿಷಯ ಕಂಡಿತು. "ಗ್ಲೌಸ್ ೧ ಜೊತೆ. ವಾಪಸ್: ಬಂದಿಲ್ಲ."

ಸಂಜೆ ರಿಜಿಸ್ಟರನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ಹೋದೆ. ದೊಡ್ಡಮ್ಮ ಮೆಷಿನ್ ತುಳಿಯುತ್ತಿದ್ದಳು. ಪುಟ ತೆರೆದು ಬಟ್ಟೆಯ ಮೇಲೆ ಇಟ್ಟೆ. ಮೆಷಿನ್ ನಿಂತಿತು. ಕನ್ನಡಕ ಹಣೆಗೇರಿಸಿ ಓದಿದಳು, ಕನ್ನಡಕ ಇಳಿಸಿ ಇನ್ನೊಮ್ಮೆ ಓದಿದಳು.

"ಆ ಅರ್ಧಣ್ಣ ಸತ್ತ ಮೇಲೂ ನನ್ನ ಬೆನ್ನು ಬಿಡಲ್ಲ," ಎಂದಳು.

"ದೊಡ್ಡಮ್ಮ, ಚೆಂಡು ಒಳಗೆ ಹೋಗಿತ್ತಾ?"

"ಗ್ಲೌಸ್ ದೊಡ್ಡದಿತ್ತು. ಗಂಡಸರದ್ದು."

"ಹೋಗಿತ್ತಾ ಇಲ್ವಾ?"

ಅವಳು ದಾರದ ಉಂಡೆಯನ್ನು ಕೈಯಲ್ಲಿ ತಿರುಗಿಸುತ್ತ ಕೂತಳು. "ಹೋಗಿತ್ತು ಕಣೇ. ಕೈ ಮಧ್ಯೆ ಜಾರಿ, ಕಾಲಿನ ಸಂದಿಯಿಂದ ಹೋಗಿ ಬಲೆಗೆ ಬಿತ್ತು. ಹಳೇ ಬಲೆ, ಹರೀತು. ನಾನು ತಿರುಗಿ ಬಿದ್ದು ಚೆಂಡನ್ನ ಗೆರೆವರೆಗೆ ಎಳ್ಕೊಂಡೆ."

"ಯಾಕೆ? ನಿಮ್ಮ ತಂಡಾನೇ ಗೆಲ್ತಿತ್ತಲ್ಲ!"

"ಅದಕ್ಕೇ ಕಣೇ!" ದೊಡ್ಡಮ್ಮ ಉಂಡೆಯನ್ನು ಮೇಜಿನ ಮೇಲೆ ಕುಕ್ಕಿದಳು. "ಆ ಹುಡುಗೀರು ನನ್ನ ನಂಬಿ ನಿಲ್ಲಿಸಿದ್ರು. ನಿಮ್ಮವಳ ಹಾಗೇ ಕಾಯ್ತೀನಿ ಅಂತ ಮಾತು ಕೊಟ್ಟಿದ್ದೆ. ಅಲ್ಲೀವರೆಗೂ ಒಂದೂ ಬಿಡದೆ, ಕೊನೇ ನಿಮಿಷದಲ್ಲಿ ನನ್ನ ಗೆಳತಿ ಹೊಡೆದಿದ್ದು ಮಾತ್ರ ಕಾಲಿನ ಸಂದಿಯಿಂದ ಹೋಯ್ತು ಅಂದ್ರೆ ಯಾರು ನಂಬ್ತಾರೆ? ಬೇಕಂತಲೇ ಬಿಟ್ಟಳು ಅಂತಾರೆ. ಮೋಸಗಾತಿ ಅಂತಾರೆ. ಹಾಗನ್ನಿಸ್ಕೋಬಾರದು ಅಂತ ಎಳ್ಕೊಂಡೆ."

ಪ್ರಾಮಾಣಿಕಳು ಅನ್ನಿಸಿಕೊಳ್ಳಲು ಸುಳ್ಳು ಹೇಳಿದ್ದಾಳೆ, ಅದನ್ನು ನಲವತ್ತಾರು ವರ್ಷ ತೋಳಿಗೂ ಹಾಲಿಗೂ ನನ್ನ ಪರೀಕ್ಷೆಗೂ ಸಾಕ್ಷಿಯಾಗಿ ಬಳಸಿದ್ದಾಳೆ! ನನಗೆ ಕೋಪ ಬಂತು, ನಗು ಬಂತು, ಎರಡರಲ್ಲಿ ಯಾವುದನ್ನು ಮೊದಲು ಮಾಡಬೇಕೆಂದು ತಿಳಿಯಲಿಲ್ಲ. ಅಷ್ಟರಲ್ಲಿ ಅವಳೇ ದನಿ ಗಟ್ಟಿ ಮಾಡಿಕೊಂಡಳು.

"ಸೊನ್ನೆ-ಸೊನ್ನೆ ಅಂತಲೇ ಬರಿ. ಆ ಪುಟ ಹರಿದುಬಿಡು."

ಸ್ಟೋರ್ ಕೀಪರಿಗೆ ರಿಜಿಸ್ಟರಿನ ಪುಟ ಹರಿ ಎನ್ನುವುದೆಂದರೆ ಅಡುಗೆಯವನಿಗೆ ಅನ್ನಕ್ಕೆ ಮಣ್ಣು ಹಾಕು ಎಂದ ಹಾಗೆ. ಕೋಪವೇ ಗೆದ್ದಿತು. "ನಾನು ಹರಿಯಲ್ಲ, ಬರೆಯೋದೂ ಇಲ್ಲ. ಸ್ಕೋರಿನ ಜಾಗ ಖಾಲಿ ಬಿಡ್ತೀನಿ. ಏನಿದೆ ಅಂತ ನೀನೇ ಬಂದು ಹೇಳು."

"ನಾನ್ಯಾಕೆ ಬರ್ಲಿ? ನನ್ನ ಯಾರು ಕರೆದಿದ್ದಾರೆ ಅಲ್ಲಿಗೆ?"

ನಿಜ, ಯಾರೂ ಕರೆದಿರಲಿಲ್ಲ. ಮರುದಿನ ಕಚೇರಿಯ ಲೆಟರ್‌ಹೆಡ್ಡಿನಲ್ಲಿ, ಸೀಲು ಹೊಡೆದು, ನಾನೇ ಕರೆದೆ: "ತಾವು ಪಡೆದ ಗ್ಲೌಸ್ ಒಂದು ಜೊತೆ ನಲವತ್ತಾರು ವರ್ಷಗಳಿಂದ ಹಿಂತಿರುಗಿ ಬಂದಿಲ್ಲ. ಮುಂದಿನ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಮೈದಾನದಲ್ಲಿ ಖುದ್ದಾಗಿ ಹಾಜರಾಗಿ ಒಪ್ಪಿಸತಕ್ಕದ್ದು." ಅಂಚೆಯವನು ತಂದುಕೊಟ್ಟಾಗ ನಾನು ಅವಳ ಎದುರಿಗೇ ಕೂತು ಕಾಫಿ ಕುಡಿಯುತ್ತಿದ್ದೆ.

"ನನಗೇ ನೋಟೀಸಾ!" ದೊಡ್ಡಮ್ಮ ಕಾಗದವನ್ನು ನನ್ನ ಮೂಗಿನ ಮುಂದೆ ಆಡಿಸಿದಳು. "ಎತ್ತಿ ಆಡಿಸಿದ ಕೈಗೆ ನೋಟೀಸು!"

"ನಾನು ಕಳಿಸಿದ್ದಲ್ಲ ದೊಡ್ಡಮ್ಮ, ಸ್ಟೋರ್ ಕಳಿಸಿದ್ದು," ಎಂದೆ.

ನಾಲ್ಕು ದಿನ ಮುಖ ಗಂಟು ಹಾಕಿಕೊಂಡಿದ್ದಳು. ಆದರೆ ಐದನೆಯ ದಿನ ಟ್ರಂಕಿನಿಂದ ಗ್ಲೌಸ್ ತೆಗೆದು ಬಿಸಿಲಿಗೆ ಹಾಕಿದ್ದನ್ನು ನಾನು ನೋಡಿದೆ, ನೋಡದವಳ ಹಾಗೆ ಒಳಗೆ ಹೋದೆ.

ಶನಿವಾರ ಬೆಳಿಗ್ಗೆ ಬೇಗ ಹೋಗಿ ಆ ಹಳೆಯ ಎರಡು ಕಂಬ ನೆಡಿಸಿದೆ, ಅಡ್ಡಪಟ್ಟಿ ಏರಿಸಿ ಬಲೆ ಕಟ್ಟಿದೆ. ಇತಿಹಾಸದ ವಸ್ತುಪ್ರದರ್ಶನ ಎಂದು ನಿರ್ದೇಶಕರಿಗೆ ಹೇಳಿದ್ದೆ. ಅವರಿಗೆ ಖುಷಿಯೋ ಖುಷಿ. ಈಗಿನ ತಂಡದ ಹುಡುಗಿಯರು ಹನ್ನೊಂದೂ ಜೆರ್ಸಿ ಹಾಕಿಕೊಂಡು ಸಾಲಾಗಿ ನಿಂತರು. ಕ್ಯಾಪ್ಟನ್ ಕೋಲೂರಿಕೊಂಡು ಬಂದರು, ಬಿಳಿ ಕೋಟಿನ ಜೇಬುಗಳು ಎಂದಿನಂತೆ ಮೇಲೊಂದು ಕೆಳಗೊಂದು. ಪರದೆ ಸರಿಸಿದರು. ಫಲಕದಲ್ಲಿ ತಾರೀಖಿತ್ತು, ನದಿಯಾಚೆಯ ಕಾಲೇಜಿತ್ತು, ಅರ್ಧದ ನಿಯಮವೂ ಇತ್ತು. ಸ್ಕೋರ್ ಎನ್ನುವ ಪದದ ಮುಂದೆ ಬರೀ ಹಿತ್ತಾಳೆ ಹೊಳೆಯುತ್ತಿತ್ತು.

"ಸ್ಕೋರ್ ಎಲ್ಲಿ?" ಕ್ಯಾಪ್ಟನ್ ಕೋಲು ಎತ್ತಿದರು.

ತಮ್ಮ ಹೆಸರಿನ ಸಾಲು ಮಾತ್ರ ಓದಿ ಕೆತ್ತಲು ಕಳಿಸಿದ್ದ ನಿರ್ದೇಶಕರು ಫಲಕವನ್ನು ಆಗ ಮೊದಲ ಸಲ ಓದತೊಡಗಿದರು. ನಾನು ಬಾಯಿ ತೆರೆಯುವ ಮುಂಚೆಯೇ ಗೇಟಿನ ಕಡೆಯಿಂದ ದನಿ ಬಂತು.

"ಗ್ಲೌಸ್ ವಾಪಸ್ ಕೊಡೋಕೆ ಬಂದೆ. ಅಷ್ಟೇ. ಬೇರೇನಿಲ್ಲ." ದೊಡ್ಡಮ್ಮ. ಗ್ಲೌಸ್ ಕೈಯಲ್ಲಿರಲಿಲ್ಲ, ಕೈಗೆ ಹಾಕಿಕೊಂಡಿದ್ದಳು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಕ್ಯಾಪ್ಟನ್ ಹುಡುಗಿಯರ ಕಡೆ ತಿರುಗಿ, "ಚೆಂಡು ತನ್ನಿ," ಎಂದರು. ಚೆಂಡು ಬಂತು. ಕೋಲನ್ನು ನಿರ್ದೇಶಕರ ಕೈಗೆ ಕೊಟ್ಟರು. ದೊಡ್ಡಮ್ಮ ಕೇಳದೆಯೇ ಹೋಗಿ ಕಂಬಗಳ ನಡುವೆ ನಿಂತಳು, ಮೊಣಕಾಲು ಬಗ್ಗಿಸಲು ನೋಡಿ, ಆಗದೆ, ನೆಟ್ಟಗೇ ನಿಂತಳು.

ಕ್ಯಾಪ್ಟನ್ ಒದ್ದರು. ಚೆಂಡು ಹೊರಟಿತು ಎನ್ನಬೇಕು, ಅಷ್ಟೇ. ಉರುಳಿತು, ಉರುಳಿತು, ಹುಲ್ಲಿನ ಒಂದು ಗುಡ್ಡೆಯ ಹತ್ತಿರ ಯೋಚನೆ ಮಾಡಿತು, ಮತ್ತೆ ಉರುಳಿತು, ಗೆರೆಗೆ ಒಂದು ಮೊಳ ಇದೆ ಎನ್ನುವಾಗ ನಿಂತುಬಿಟ್ಟಿತು. ಹುಡುಗಿಯರು ಪಾಪ ಎಂದುಕೊಂಡು ಚಪ್ಪಾಳೆ ತಟ್ಟಿದರು.

"ಯಾಕ್ರೇ ತಟ್ತೀರಿ? ಗೋಲಾಗಿಲ್ಲ, ಕಣ್ಣು ಕಾಣಲ್ವಾ?" ಎಂದು ಕ್ಯಾಪ್ಟನ್ ಗದರಿದರು.

ದೊಡ್ಡಮ್ಮ ಚೆಂಡನ್ನು ನೋಡುತ್ತ ನಿಂತಿದ್ದಳು. ಅವಳು ಬಗ್ಗಿ, ಒಂದು ಕೈಯಿಂದ ಸೊಂಟ ಹಿಡಿದುಕೊಂಡು, ಚೆಂಡನ್ನು ಎತ್ತಿಕೊಂಡಳು. ಮುಂದಕ್ಕೆ ಬರಲಿಲ್ಲ. ಹಿಂದಕ್ಕೆ ಹೆಜ್ಜೆಯಿಟ್ಟು ಗೆರೆ ದಾಟಿದಳು, ಬಲೆಯ ಎಡಮೂಲೆಗೆ ಹೋಗಿ ಚೆಂಡನ್ನು ಅಲ್ಲಿ ಇಟ್ಟಳು.

"ಅವತ್ತು ಇಲ್ಲಿವರೆಗೂ ಬಂದಿತ್ತು," ಎಂದಳು ಎಲ್ಲರಿಗೂ ಕೇಳುವಂತೆ. "ಇಲ್ಲೇ, ಈ ಹೊಲಿಗೆ ಹತ್ರ. ಬಲೆ ಹರಿದಿದ್ದು ನೀನು, ಹೊಲಿದಿದ್ದು ನಾನು. ಚೆಂಡನ್ನ ನಾನೇ ಎಳ್ಕೊಂಡೆ. ಗೋಲು ನಿಂದೇ ಕಣೇ."

ಕ್ಯಾಪ್ಟನ್ ಕೋಲಿಲ್ಲದೆಯೇ ಕುಂಟುತ್ತ ಗೋಲಿನವರೆಗೆ ಹೋದರು. ಬಗ್ಗಿ ಹೊಲಿಗೆ ಮುಟ್ಟಿ ನೋಡಿದರು.

"ನನಗೆ ಗೊತ್ತಿತ್ತು," ಎಂದರು.

"ಗೊತ್ತಿದ್ದ ಮೇಲೆ ನಲವತ್ತಾರು ವರ್ಷ ಯಾಕೆ ಮಾತಾಡ್ಲಿಲ್ಲ?"

"ನೀನು ಹೇಳ್ಲಿ ಅಂತ."

"ನೀನು ಕೇಳ್ಬೇಕಿತ್ತು."

"ನೀನು ಹೇಳ್ಬೇಕಿತ್ತು." ಇನ್ನೊಂದು ನಲವತ್ತಾರು ವರ್ಷಕ್ಕೆ ಆಗುವಷ್ಟು ಜಗಳ ಅಲ್ಲೇ ಶುರುವಾಗುವುದರಲ್ಲಿತ್ತು. ಆದರೆ ದೊಡ್ಡಮ್ಮ ಅಳಲು ಶುರು ಮಾಡಿದಳು, ಬಾಯಿ ದೊಡ್ಡದಾಗಿ ತೆರೆದು, ಮಗುವಿನ ಹಾಗೆ. ಕ್ಯಾಪ್ಟನ್ ತಟ್ಟನೆ ಅವಳ ಗದ್ದ ಹಿಡಿದು ಬೆಳಕಿನ ಕಡೆ ತಿರುಗಿಸಿದರು.

"ಅಯ್ಯೋ, ಯಾವನೇ ಈ ಹಲ್ಲು ಕಟ್ಟಿದ್ದು? ಇದನ್ನ ಹಾಕ್ಕೊಂಡು ಊಟ ಹೇಗೆ ಮಾಡ್ತೀಯ?"

"ನಿನ್ನ ಕೋಟು ಯಾವನು ಹೊಲಿದಿದ್ದು?" ಎಂದು ದೊಡ್ಡಮ್ಮ ಬಿಕ್ಕುತ್ತಲೇ ಕೇಳಿದಳು. "ಸೋಮವಾರ ತಂದುಕೊಡು."

ನಿರ್ದೇಶಕರು ಕೋಲು ಹಿಡಿದುಕೊಂಡು ನನ್ನ ಪಕ್ಕಕ್ಕೆ ಸರಿದು, "ಮೇಡಂ, ಹಾಗಾದ್ರೆ ಸ್ಕೋರ್ ಏನಂತ ಕೆತ್ತಿಸೋದು?" ಎಂದು ಪಿಸುಗುಟ್ಟಿದರು. "ಆಗ ಎಲ್ಲ ಅರ್ಧ ಅರ್ಧ ಇತ್ತಲ್ಲ. ಒಂದೇ ಗೋಲು, ಒಬ್ಬರೇ ಕೀಪರ್. ಇದನ್ನೂ ಅರ್ಧ ಅಂತ..."

ಕ್ಯಾಪ್ಟನ್ನರ ಕಿವಿ ಈಗಲೂ ಚುರುಕು. "ಪೂರ್ತಿ ಬರೀರಿ!" ಎಂದು ಅಲ್ಲಿಂದಲೇ ಕೂಗಿದರು. "ನಿಮ್ಮ ಸ್ಟೋರಿಂದ ನಮಗೆ ಪೂರ್ತಿ ಸಿಕ್ಕಿದ್ದು ಇದೊಂದೇ."

ನಾನು ಅರ್ಧಣ್ಣನ ರಿಜಿಸ್ಟರನ್ನು ತಂದಿದ್ದೆ. ಆ ಪುಟದಲ್ಲಿ ಇನ್ನೂ ಎರಡು ಸಾಲಿಗೆ ಜಾಗವಿತ್ತು. ಗ್ಲೌಸ್ ಒಂದು ಜೊತೆ, ವಾಪಸ್ ಬಂದಿದೆ ಎಂದು ಬರೆದೆ. ಅದರ ಕೆಳಗೆ ಗೋಲು ಒಂದು, ವಾಪಸ್ ಬಂದಿದೆ ಎಂದು ಬರೆದೆ. ಒಪ್ಪಿಸಿದವರ ಜಾಗದಲ್ಲಿ ದೊಡ್ಡಮ್ಮ ಸಹಿ ಹಾಕಿದಳು, ಪಡೆದವರ ಜಾಗದಲ್ಲಿ ಕ್ಯಾಪ್ಟನ್. ಷರಾ ಎನ್ನುವ ಕಡೆ ಏನು ಬರೆಯಲಿ ಎಂದು ಯೋಚಿಸಿ, ಅರ್ಧಣ್ಣನ ಹಾಗೇ ದುಂಡಾಗಿ, ಪೂರ್ತಿ ಎಂದು ಬರೆದೆ.